ಡೀಸೆಲ್, ಆ್ಯಸಿಡ್, ಕ್ಲೋರಿನ್ ಸೋರಿದರೆ ಎಷ್ಟು ಲೀಟರಿಗೆ ವರದಿ ಕೊಡಬೇಕು? ಯಾರಿಗೆ, ಎಷ್ಟು ಹೊತ್ತಿನೊಳಗೆ?

ಶಿಫ್ಟ್‌ಬುಕ್
ಗೇಟಿನಲ್ಲೂ ಡಿ.ಜಿ. (ಡೀಸೆಲ್ ಜನರೇಟರ್) ರೂಮಿನಲ್ಲೂ ಅಂಟಿಸೋಕೆ ಒಂದೇ ಪುಟದ ಚಾರ್ಟು ಬೇಕಾಗಿದೆ. ಏನಾದರೂ ಚೆಲ್ಲಿದರೆ, ಸೋರಿದರೆ ಮೊದಲ ಫೋನು ಯಾರಿಗೆ, ಕಾಗದ ಯಾರಿಗೆ, ಎಷ್ಟು ಹೊತ್ತಿನೊಳಗೆ, ಇಷ್ಟೇ ಅದರಲ್ಲಿರಬೇಕು. ಘಟಕದಲ್ಲಿ ಇರೋದು: ನೆಲದ ಮೇಲಿನ ಡೀಸೆಲ್ ಟ್ಯಾಂಕು, 10 ಕಿಲೋಲೀಟರಿನ ಹೈಡ್ರೋಕ್ಲೋರಿಕ್ ಆ್ಯಸಿಡ್ ಟ್ಯಾಂಕು, ನೀರಿನ ಪ್ಲಾಂಟಿಗೆ ಎರಡು ಕ್ಲೋರಿನ್ ಟನ್ನರ್ (ತಲಾ 900 ಕಿಲೋದ ದೊಡ್ಡ ಸಿಲಿಂಡರ್), ಒಂದಷ್ಟು ಟಾಲ್ವೀನ್ (ಬೇಗ ಹೊತ್ತಿಕೊಳ್ಳುವ ದ್ರಾವಕ) ಡ್ರಮ್ಮು.

ಹಳೇ ಮ್ಯಾನುವಲ್‌ನಲ್ಲಿ "159 ಲೀಟರ್ ಮೀರಿದರೆ ಮಾತ್ರ ಹೊರಗೆ ವರದಿ" ಅಂತ ಬರೆದಿದೆ. ಈ 159 ಯಾವ ಕಾಯ್ದೆಯಲ್ಲಿದೆ? ಬೇರೆ ಬೇರೆ ರಾಸಾಯನಿಕಕ್ಕೆ ಬೇರೆ ಬೇರೆ ಮಿತಿ ಇರುವ ಪಟ್ಟಿ ಏನಾದರೂ ಇದೆಯಾ?

ನಿಯಮಪುಟ
159 ಲೀಟರ್ ಅಂದರೆ 42 ಅಮೆರಿಕನ್ ಗ್ಯಾಲನ್, ಒಂದು ಬ್ಯಾರಲ್. ಅದು ನಮ್ಮ ದೇಶದ ನಿಯಮವೇ ಅಲ್ಲ. ಅಮೆರಿಕದಲ್ಲಿ ಒಂದೇ ಸಲ 1000 ಗ್ಯಾಲನ್ ಮೀರಿ ಎಣ್ಣೆ ನೀರಿಗೆ ಸೇರಿದರೆ, ಇಲ್ಲವೇ 12 ತಿಂಗಳಲ್ಲಿ 42 ಗ್ಯಾಲನ್ ಮೀರಿದ ಎರಡು ಸೋರಿಕೆ ನೀರಿಗೆ ಹೋದರೆ ಅವರ ಪರಿಸರ ಸಂಸ್ಥೆಗೆ ವಿವರವಾದ ಲಿಖಿತ ವರದಿ ಕೊಡಬೇಕು. ಅದೂ ಎರಡನೇ ಹಂತದ ಕಾಗದ. ನೀರಿನ ಮೇಲೆ ಎಣ್ಣೆಯ ಹೊಳಪು ಕಂಡ ಕೂಡಲೇ ಫೋನು ಮಾಡಬೇಕು ಅನ್ನೋ ನಿಯಮ ಅಲ್ಲೂ ಬೇರೆಯಾಗಿಯೇ ಇದೆ. ಯಾರೋ ಅರ್ಧ ಓದಿ ಮ್ಯಾನುವಲ್‌ಗೆ ಇಳಿಸಿದ್ದಾರೆ. ಆ ಸಾಲನ್ನು ಇವತ್ತೇ ಹೊಡೆದುಹಾಕಿ.

ಇಷ್ಟು ಲೀಟರ್ ಚೆಲ್ಲಿದರೆ ಮಾತ್ರ ಹೇಳಿ ಅನ್ನುವ ಪಟ್ಟಿ ನಮ್ಮ ಕೇಂದ್ರ ಪರಿಸರ ಕಾಯ್ದೆಗಳಲ್ಲಿ ಇಲ್ಲ. ಇಲ್ಲಿ ಕೇಳೋದು ಎಷ್ಟು ಚೆಲ್ಲಿತು ಅಂತಲ್ಲ, ಎಲ್ಲಿಗೆ ಹೋಯಿತು, ಏನಾಯಿತು ಅಂತ.

ಬಂಕ್‌ಲೆಕ್ಕ
ಒಪ್ಪಲ್ಲ. ಅಪಾಯಕಾರಿ ರಾಸಾಯನಿಕಗಳ ನಿಯಮ 1989ರಲ್ಲಿ ಟನ್ ಲೆಕ್ಕದ ಪಟ್ಟಿ ಇದೆಯಲ್ಲ? ಕ್ಲೋರಿನ್‌ಗೆ 10 ಟನ್, 25 ಟನ್. ಅದು ಮಿತಿ ಅಲ್ಲದೆ ಇನ್ನೇನು?

ನಿಯಮಪುಟ
ಅದು ಸಂಗ್ರಹದ ಮಿತಿ, ಸೋರಿಕೆಯದ್ದಲ್ಲ. ಜಾಗದಲ್ಲಿ ಇಷ್ಟು ಕ್ಲೋರಿನ್ ಇಟ್ಟುಕೊಂಡರೆ ಮೊದಲೇ ಅಧಿಸೂಚನೆ ಕೊಡಬೇಕು, ಒಳಾವರಣದ ತುರ್ತು ಯೋಜನೆ ಮಾಡಬೇಕು, ಇನ್ನೂ ಹೆಚ್ಚಿದ್ದರೆ ಸುರಕ್ಷತಾ ವರದಿಯನ್ನೂ ಮಾಡಬೇಕು. ಆ ಅಂಕಿಗಳ ಕೆಲಸ ಅಷ್ಟೇ. ಎರಡು ಟನ್ನರ್ ಅಂದರೆ 1.8 ಟನ್, 10ಕ್ಕಿಂತ ಎಷ್ಟೋ ಕಡಿಮೆ. ಹಾಗಂತ ಸೋರಿ ಪಕ್ಕದ ರಸ್ತೆಯಲ್ಲಿ ಹೋಗುತ್ತಿದ್ದ ಒಬ್ಬರಿಗೆ ಉಸಿರು ಕಟ್ಟಿದರೆ ಸುಮ್ಮನಿರೋಕೆ ಆಗುತ್ತಾ?

"ದೊಡ್ಡ ಅಪಘಾತ"ದ ವ್ಯಾಖ್ಯೆಯನ್ನೇ ಓದಿ. ಆವರಣದ ಒಳಗೆ ಅಥವಾ ಹೊರಗೆ ಜೀವಹಾನಿ, ಒಳಗೆ 10 ಅಥವಾ ಹೆಚ್ಚು ಜನಕ್ಕೆ ಗಾಯ, ಹೊರಗೆ ಒಬ್ಬರಿಗೇ ಗಾಯವಾದರೂ ಸಾಕು, ವಿಷಾನಿಲ, ಬೆಂಕಿ, ಸ್ಫೋಟ, ಚೆಲ್ಲಿಕೆಯಿಂದ ತುರ್ತುಸ್ಥಿತಿ ಬಂದದ್ದು, ಯಂತ್ರ ಕೆಟ್ಟು ಪ್ರಕ್ರಿಯೆ ನಿಂತದ್ದು, ಪರಿಸರಕ್ಕೆ ಹಾನಿ. ಇದರಲ್ಲಿ ಲೀಟರ್ ಎಲ್ಲಿದೆ? ಇವುಗಳಲ್ಲಿ ಒಂದಾದರೂ 5ನೇ ನಿಯಮದಂತೆ 48 ಗಂಟೆಯೊಳಗೆ ತಿಳಿಸಬೇಕು, ಆಮೇಲೆ 6ನೇ ಅನುಸೂಚಿಯ ನಮೂನೆಯಲ್ಲಿ ವರದಿ. ಮಾಹಿತಿ ಸಿಕ್ಕಂತೆ ಕಂತಿನಲ್ಲಿ ಕೊಡೋಕೂ ಅವಕಾಶ ಇದೆ.

ಬಂಕ್‌ಲೆಕ್ಕ
ಸರಿ, ಒಪ್ಪಿದೆ. ಆದರೆ 48 ಗಂಟೆ ಸಮಯ ಇದೆ ಅಂತಾಯಿತಲ್ಲ.

ಕೆರೆಕೋಡಿ
ಅಲ್ಲೇ ಎಲ್ಲರೂ ಎಡವೋದು. 48 ಗಂಟೆ ಆ ಒಂದು ನಿಯಮದ್ದು ಮಾತ್ರ. ಜಲ ಕಾಯ್ದೆ 1974ರ 31ನೇ ಕಲಂ "ಕೂಡಲೇ" ಅನ್ನುತ್ತದೆ. ಅಪಘಾತದಿಂದ ವಿಷಕಾರಿ ಅಥವಾ ಮಲಿನಕಾರಿ ವಸ್ತು ಹೊಳೆಗೆ, ಬಾವಿಗೆ, ಒಳಚರಂಡಿಗೆ, ನೆಲದ ಮೇಲೆ ಹೋಗಿ ನೀರು ಕೆಟ್ಟರೆ, ಅಥವಾ *ಕೆಡುವ ಸಂಭವ ಇದ್ದರೂ*, ಆ ಜಾಗದ ಉಸ್ತುವಾರಿ ಹೊತ್ತವರು ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೂಡಲೇ ತಿಳಿಸಬೇಕು. ಆ ಕಾಯ್ದೆಯಲ್ಲಿ "ಹೊಳೆ" ಅಂದರೆ ನದಿ ಮಾತ್ರ ಅಲ್ಲ. ಈಗ ಒಣಗಿರುವ ಹಳ್ಳವೂ ಅದರಲ್ಲಿ ಬರುತ್ತದೆ, ಅಂತರ್ಜಲವೂ ಬರುತ್ತದೆ. ಬೇಸಿಗೆಯಲ್ಲಿ ಹಳ್ಳ ಬತ್ತಿತ್ತು, ನೀರಿಗೆ ಸೇರಲಿಲ್ಲ ಅನ್ನೋ ವಾದ ನಿಲ್ಲಲ್ಲ.

ಅನಿಲಕ್ಕೆ ವಾಯು ಕಾಯ್ದೆಯ 23ನೇ ಕಲಂ ಇದೇ ಧಾಟಿಯಲ್ಲಿದೆ. ಪರಿಸರ ಸಂರಕ್ಷಣಾ ಕಾಯ್ದೆ 1986ರ 9ನೇ ಕಲಂ ಇನ್ನೊಂದು ಹೆಜ್ಜೆ ಮುಂದೆ: ಮಾನದಂಡ ಮೀರಿದ ಹೊರಸೂಸಿಕೆ ಆಗಬಹುದು ಅನ್ನೋ ಆತಂಕ ಇದ್ದರೂ ತಿಳಿಸಬೇಕು, ತಡೆಯಬೇಕು, ಅಧಿಕಾರಿಗಳಿಗೆ ನೆರವಾಗಬೇಕು. ಸರ್ಕಾರ ತಾನೇ ಸ್ವಚ್ಛ ಮಾಡಿದರೆ ಆ ಖರ್ಚನ್ನು ಬಡ್ಡಿ ಸಮೇತ ವಸೂಲು ಮಾಡಬಹುದು.

ಡ್ರಮ್‌ಯಾರ್ಡ್
ಹಾಗಾದರೆ ಬಂಡ್ (ಟ್ಯಾಂಕಿನ ಸುತ್ತ ಕಟ್ಟಿದ ತಡೆಗೋಡೆ) ಒಳಗೆ ಎರಡು ಲೀಟರ್ ಡೀಸೆಲ್ ತೊಟ್ಟಿಕ್ಕಿದರೂ ಮಂಡಳಿಗೆ ಫೋನು ಮಾಡಬೇಕಾ? ಹೀಗೆ ಮಾಡಿದರೆ ದಿನಾ ಫೋನೇ ಆಗುತ್ತೆ, ನಿಜವಾದ ಅಪಾಯ ಬಂದಾಗ ಯಾರೂ ಕಿವಿಗೊಡಲ್ಲ.

ಕೆರೆಕೋಡಿ
ಬಂಡ್ ಬಿಗಿಯಾಗಿದ್ದರೆ ಬೇಡ. ಕಾಂಕ್ರೀಟಿನಲ್ಲಿ ಬಿರುಕಿಲ್ಲ, ಮಳೆನೀರು ಬಿಡುವ ವಾಲ್ವ್ ಮುಚ್ಚಿದೆ, ಎಲ್ಲವನ್ನೂ ಎತ್ತಿಕೊಂಡಿದ್ದೀರಿ ಅಂದರೆ ನೀರು ಕೆಡುವ ಸಂಭವವೇ ಇಲ್ಲ. ಲಾಗ್ ಬುಕ್ಕಿನಲ್ಲಿ ಬರೆದರೆ ಸಾಕು. ಅದೇ ಎರಡು ಲೀಟರ್ ಬಂಡ್ ಆಚೆ ಮಳೆನೀರಿನ ಚರಂಡಿಗೆ ಬಿದ್ದರೆ ಫೋನು ಮಾಡಲೇಬೇಕು. ಎಷ್ಟೋ ಕಡೆ ಬಂಡ್ ವಾಲ್ವನ್ನು ಮಳೆಗಾಲದಲ್ಲಿ ತೆರೆದವರು ಮುಚ್ಚೋದೇ ಇಲ್ಲ. ಗೋಡೆ ಕಟ್ಟಿಯೂ ಉಪಯೋಗ ಇಲ್ಲದ ಹಾಗಾಗುತ್ತೆ. ವಾಲ್ವಿಗೆ ಬೀಗ ಹಾಕಿ, ಕೀ ಶಿಫ್ಟ್ ಇನ್‌ಚಾರ್ಜ್ ಹತ್ತಿರ ಇರಲಿ.

ನಿಯಮಪುಟ
+1. ಚಾರ್ಟಿನಲ್ಲಿ ಲೀಟರ್ ಬದಲು ಐದು ಪ್ರಶ್ನೆ ಹಾಕಿ: ಬಂಡ್ ದಾಟಿತೆ? ಮಣ್ಣು, ಚರಂಡಿ, ನೀರು ಮುಟ್ಟಿತೆ? ಗಾಳಿಗೆ ಹೋಯಿತೆ? ಯಾರಿಗಾದರೂ ಪೆಟ್ಟಾಯಿತೆ? ಬೆಂಕಿ ಹೊತ್ತಿತೆ? ಒಂದಕ್ಕೆ ಹೌದು ಅಂದರೂ ಹೊರಗೆ ಫೋನು.

ಟ್ಯಾಂಕರ್‌ಲೈನ್
ರಸ್ತೆಯಲ್ಲಾದರೆ ಕಥೆಯೇ ಬೇರೆ, ಅದನ್ನೂ ಚಾರ್ಟಿಗೆ ಸೇರಿಸಿ. ನಿಮ್ಮ ಆ್ಯಸಿಡ್ ಟ್ಯಾಂಕರ್ ದಾರಿಯಲ್ಲಿ ಮಗುಚಿದರೆ ಕೇಂದ್ರ ಮೋಟಾರು ವಾಹನ ನಿಯಮ 1989ರ 136ನೇ ನಿಯಮದ ಪ್ರಕಾರ ಚಾಲಕನೇ ಹತ್ತಿರದ ಪೊಲೀಸ್ ಠಾಣೆಗೆ ಕೂಡಲೇ ಹೇಳಬೇಕು, ಮಾಲೀಕರಿಗೋ ಸಾಗಣೆದಾರರಿಗೋ ತಿಳಿಸಬೇಕು. ಚಾಲಕನಿಗೆ ಏನು ಹೇಳಬೇಕು ಅಂತ ಗೊತ್ತಿರಬೇಕಾದರೆ ಟ್ರೆಮ್ ಕಾರ್ಡ್ (ಸಾಗಣೆಯ ತುರ್ತು ಸೂಚನೆಗಳ ಕಾರ್ಡು) ಕ್ಯಾಬಿನ್‌ನಲ್ಲಿ, ಅವನಿಗೆ ಓದೋಕೆ ಬರುವ ಭಾಷೆಯಲ್ಲಿ ಇರಬೇಕು. ಸೀಟಿನಡಿ ಬೀಗ ಹಾಕಿಟ್ಟ ಇಂಗ್ಲಿಷ್ ಕಾರ್ಡಿನಿಂದ ಏನೂ ಪ್ರಯೋಜನ ಇಲ್ಲ.

ಫೋನು ಮಾಡೋರು ಯಾರೇ ಆಗಲಿ, ಟ್ಯಾಂಕರ್ ಬೋರ್ಡಿನ ಮೇಲಿರುವ ನಾಲ್ಕು ಅಂಕಿಯ ಯುಎನ್ ನಂಬರ್ (ಆ ವಸ್ತು ಯಾವುದು ಅಂತ ಗುರುತಿಸುವ ಸಂಖ್ಯೆ) ಓದಿ ಹೇಳಿ. 1203 ಪೆಟ್ರೋಲ್, 1202 ಡೀಸೆಲ್, 1789 ಹೈಡ್ರೋಕ್ಲೋರಿಕ್ ಆ್ಯಸಿಡ್, 1017 ಕ್ಲೋರಿನ್, 1294 ಟಾಲ್ವೀನ್. "ಏನೋ ಬಿಳಿ ಹೊಗೆ ಬರ್ತಿದೆ" ಅಂತ ಕೇಳಿದ ಅಗ್ನಿಶಾಮಕದವರು ಏನು ತರಬೇಕು ಅಂತ ಹೇಗೆ ನಿರ್ಧರಿಸುತ್ತಾರೆ?

ನಂಬರಿನ ಮೇಲೆ ಹ್ಯಾಜ್‌ಕೆಮ್ ಕೋಡ್, ಅಂದರೆ ತುರ್ತಿನಲ್ಲಿ ಏನು ಮಾಡಬೇಕು ಅನ್ನುವ ಸಂಕೇತ, ಇರುತ್ತೆ. ಪೆಟ್ರೋಲಿಗೆ 3ವೈಇ. 3 ಅಂದರೆ ನೊರೆ ಬಳಸಿ, ವೈ ಅಂದರೆ ಹರಿಯದಂತೆ ತಡೆದು ನಿಲ್ಲಿಸಿ, ಇ ಅಂದರೆ ಸುತ್ತಲಿನ ಜನರನ್ನು ದೂರ ಕಳಿಸುವ ಯೋಚನೆ ಮಾಡಿ. ಪಿ, ಆರ್, ಎಸ್, ಟಿ ಅಕ್ಷರ ಇದ್ದರೆ ನೀರು ಬೆರೆಸಿ ತೆಳುವಾಗಿಸಬಹುದು. ಡಬ್ಲ್ಯು, ಎಕ್ಸ್, ವೈ, ಝಡ್ ಇದ್ದರೆ ಚರಂಡಿಗೆ ಬಿಡಲೇಬಾರದು.

ಡ್ರಮ್‌ಯಾರ್ಡ್
ಪೆಟ್ರೋಲ್ ಟ್ಯಾಂಕರ್ ಮಗುಚಿದರೆ ಕೊಡ, ಕ್ಯಾನು ಹಿಡಿದು ಬರುವವರನ್ನು ತಡೆಯೋದೇ ಮೊದಲ ಕೆಲಸ. ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ, ತಗ್ಗಿನಲ್ಲಿ ಹರಿದು ಹೋಗಿ ಎಲ್ಲೋ ದೂರದ ಕಿಡಿಗೆ ಹೊತ್ತಿಕೊಳ್ಳುತ್ತೆ.

ಟ್ಯಾಂಕರ್‌ಲೈನ್
ಹೌದು. ಎಲ್‌ಪಿಜಿಯೂ ಹಾಗೇ ನೆಲ ಹಿಡಿದು ಹರಿಯುತ್ತೆ. 2024ರ ಡಿಸೆಂಬರ್ 20ರಂದು ಜೈಪುರದ ಭಾಂಕ್ರೋಟಾದಲ್ಲಿ ಎಲ್‌ಪಿಜಿ ಟ್ಯಾಂಕರಿಗೆ ಲಾರಿ ಗುದ್ದಿ ನಾಜಲ್ ಮುರಿದಾಗ ಅನಿಲ ರಸ್ತೆಯುದ್ದಕ್ಕೂ ಹರಡಿ, ಹಿಂದೆ ಮುಂದೆ ನಿಂತ ವಾಹನಗಳೆಲ್ಲ ಸುಟ್ಟವು. ಮೊದಲ ನಿಮಿಷದಲ್ಲಿ ಎರಡೂ ಕಡೆ ವಾಹನ ನಿಲ್ಲಿಸಿ, ಎಂಜಿನ್ ಬಂದ್ ಮಾಡಿಸಬೇಕು. 112ಕ್ಕೆ ಫೋನು ಆಮೇಲಲ್ಲ, ಇನ್ನೊಬ್ಬರು ಅದೇ ಹೊತ್ತಿಗೆ ಮಾಡಬೇಕು. ಮನೆಯ ಎಲ್‌ಪಿಜಿ ಸೋರಿಕೆಗೆ 1906, ರಾಷ್ಟ್ರೀಯ ಹೆದ್ದಾರಿಯಲ್ಲಾದರೆ 1033 ಕೂಡ.

ಬಂಕ್‌ಲೆಕ್ಕ
ಪೆಸೋಗೆ (ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆ) ಯಾವಾಗ ಹೇಳಬೇಕು ಅಂತ ಯಾರೂ ಬರೆದಿಲ್ಲ. ಪೆಟ್ರೋಲಿಯಂ ಕಾಯ್ದೆ 1934ರ 27ನೇ ಕಲಂ ಬರೀ ಚೆಲ್ಲಿದ್ದಕ್ಕಲ್ಲ. ಬೆಂಕಿ ಅಥವಾ ಸ್ಫೋಟ ಆಗಿ ಜೀವಕ್ಕೋ ಆಸ್ತಿಗೋ ಗಂಭೀರ ಹಾನಿಯಾದಾಗ ಮ್ಯಾಜಿಸ್ಟ್ರೇಟರಿಗೆ ಅಥವಾ ಠಾಣೆಗೆ, ಜೊತೆಗೆ ನಾಗಪುರದ ಮುಖ್ಯ ಸ್ಫೋಟಕ ನಿಯಂತ್ರಕರಿಗೆ ಕೂಡಲೇ ತಿಳಿಸಬೇಕು. 24 ಗಂಟೆಯೊಳಗೆ ವಿವರದ ಪತ್ರ. ಅವರು ಬಂದು ನೋಡುವವರೆಗೂ ಅವಶೇಷ ಅಲ್ಲಾಡಿಸಬಾರದು, ಜನರನ್ನು ಹೊರತೆಗೆಯೋಕೆ ಬೇಕಾದಷ್ಟು ಮಾತ್ರ. ಇದಲ್ಲದೆ ಲೈಸೆನ್ಸಿನ ಷರತ್ತುಗಳನ್ನೂ ಓದಿಕೊಳ್ಳಿ. ಗೋಡೆಗೆ ಫ್ರೇಮ್ ಹಾಕಿ ನೇತುಹಾಕಿದರೆ ಷರತ್ತಿನ ಪುಟ ಯಾರಿಗೂ ಕಾಣಲ್ಲ.

ಇನ್ನೊಂದು, ನೆಲದಡಿ ಟ್ಯಾಂಕಿನ ಸೋರಿಕೆ ಕಣ್ಣಿಗೆ ಕಾಣೋದೇ ಇಲ್ಲ, ಡಿಪ್ (ಟ್ಯಾಂಕಿಗೆ ರಾಡ್ ಇಳಿಸಿ ಮಟ್ಟ ಅಳೆಯೋದು) ಲೆಕ್ಕದಲ್ಲೇ ಹಿಡಿಯಬೇಕು. ಆದರೆ ತಾಪಮಾನ ನೋಡದೆ ಗಾಬರಿ ಬೀಳಬೇಡಿ. ಪೆಟ್ರೋಲ್ ಒಂದು ಡಿಗ್ರಿಗೆ ಸುಮಾರು 0.12% ಹಿಗ್ಗುತ್ತೆ. 12,000 ಲೀಟರ್ 10 ಡಿಗ್ರಿ ತಣಿದರೆ 140 ಲೀಟರಿನಷ್ಟು "ಕಾಣೆ". ಡೀಸೆಲ್‌ಗೆ 100ರ ಆಸುಪಾಸು. ಆದರೆ ತಾಪಮಾನದ ವ್ಯತ್ಯಾಸ ಒಂದು ದಿನ ಹೆಚ್ಚು, ಒಂದು ದಿನ ಕಡಿಮೆ ತೋರಿಸುತ್ತೆ. ದಿನಾ ಒಂದೇ ಕಡೆಗೆ ಕಡಿಮೆಯಾಗುತ್ತಾ ಹೋದರೆ, ಮಾರಾಟ ನಿಲ್ಲಿಸಿದ ರಾತ್ರಿಯೂ ಡಿಪ್ ಇಳಿದರೆ, ಅಥವಾ ಡಿಪ್ ರಾಡಿನ ತುದಿಗೆ ಹಚ್ಚಿದ ವಾಟರ್ ಪೇಸ್ಟ್ (ನೀರು ತಾಗಿದರೆ ಬಣ್ಣ ಬದಲಾಗುವ ಲೇಪ) ಬಣ್ಣ ತಿರುಗಿದರೆ ಟ್ಯಾಂಕು ಖಾಲಿ ಮಾಡಿಸಿ ಒತ್ತಡ ಪರೀಕ್ಷೆಗೆ ಕೊಡಿ.

ಶಿಫ್ಟ್‌ಬುಕ್
ತುಂಬಾ ಉಪಯೋಗ ಆಯಿತು. ಫೋನಿನಲ್ಲಿ "ಎಷ್ಟು ಚೆಲ್ಲಿದೆ" ಅಂತ ಕೇಳೇ ಕೇಳುತ್ತಾರಲ್ಲ, ಸೆಕ್ಯುರಿಟಿಯವರು ಅಂದಾಜು ಹೇಗೆ ಹೇಳೋದು?

ಅಳತೆಗೋಲು
ಒಂದು ಚದರ ಮೀಟರಿನಲ್ಲಿ ಒಂದು ಮಿಲಿಮೀಟರ್ ನಿಂತರೆ ಒಂದು ಲೀಟರ್. ಇದೊಂದನ್ನ ಚಾರ್ಟಿನ ಮೂಲೆಯಲ್ಲಿ ದಪ್ಪಗೆ ಬರೆಯಿರಿ. ಹೆಜ್ಜೆ ಹಾಕಿ ಅಳೆದರೆ 6 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ 5 ಮಿ.ಮೀ. ಆಳ: 120 ಲೀಟರ್. ಪೆಟ್ರೋಲ್, ಟಾಲ್ವೀನ್, ಆ್ಯಸಿಡ್ ಆದರೆ ಹತ್ತಿರ ಹೋಗಿ ಅಳೆಯೋದೇ ಬೇಡ, ಗಾಳಿ ಬೀಸಿ ಬರುವ ದಿಕ್ಕಿನಲ್ಲೇ, ದೂರ ನಿಂತು ಅಂದಾಜು ಮಾಡಿದರೆ ಸಾಕು.

ಟ್ಯಾಂಕಿನಿಂದಾದರೆ ಡಿಪ್ ವ್ಯತ್ಯಾಸ ಅತ್ಯಂತ ನಂಬಿಕೆಯ ಲೆಕ್ಕ. ನೀರಿನ ಮೇಲಾದರೆ ಬಣ್ಣ ನೋಡಿ. ಬೆಳ್ಳಿ ಬಣ್ಣದ ತೆಳು ಹೊಳಪು 0.3 ಮೈಕ್ರಾನಿಗಿಂತ ಕಡಿಮೆ, ಕಾಮನಬಿಲ್ಲಿನ ಬಣ್ಣ 0.3ರಿಂದ 5 ಮೈಕ್ರಾನ್, ಲೋಹದ ಹಾಗೆ ಹೊಳೆದರೆ 5ರಿಂದ 50. ಅಂದರೆ 1000 ಚದರ ಮೀಟರ್ ಕಾಮನಬಿಲ್ಲು ಹರಡಿದ್ದರೂ ಎಣ್ಣೆ ಇರೋದು ಹೆಚ್ಚೆಂದರೆ 5 ಲೀಟರ್. ಕೆರೆಯೆಲ್ಲ ಬಣ್ಣ ಕಂಡಾಗ "ಸಾವಿರಾರು ಲೀಟರ್" ಅಂದುಬಿಡೋದು, ಮಾರನೇ ದಿನ ತಿದ್ದೋದು, ಆಮೇಲೆ ಯಾವ ಅಂಕಿಯನ್ನೂ ಯಾರೂ ನಂಬದಿರೋದು, ಹೀಗೆ ಆಗುತ್ತೆ. "100ರಿಂದ 150 ಲೀಟರ್, ಅಳತೆ ನಡೆದಿದೆ" ಅಂತ ವ್ಯಾಪ್ತಿಯಲ್ಲೇ ಹೇಳಿ.

ಡ್ರಮ್‌ಯಾರ್ಡ್
ತೊಟ್ಟಿಕ್ಕುತ್ತಾ ಇದ್ದರೆ ಬಕೆಟ್ ಹಿಡಿದು ನಿಮಿಷಕ್ಕೆ ಎಷ್ಟು ಅಂತ ನೋಡಬಹುದು.

ಅಳತೆಗೋಲು
ಡೀಸೆಲ್‌ಗೆ ಸರಿ. ಪೆಟ್ರೋಲ್, ಟಾಲ್ವೀನ್‌ಗೆ ಪ್ಲಾಸ್ಟಿಕ್ ಬಕೆಟ್ ಹಿಡಿಯಲೇಬೇಡಿ, ಸ್ಥಾಯಿ ವಿದ್ಯುತ್ತಿನ ಕಿಡಿ ಸಾಕು. ಲೋಹದ ಪಾತ್ರೆ, ಅರ್ಥಿಂಗ್ ತಂತಿ ಹಾಕಿಯೇ ಹಿಡಿಯಬೇಕು.

ಟನ್ನರ್‌ಕಿಟ್
ಕ್ಲೋರಿನ್ ಬಗ್ಗೆ ಮೂರು ಮಾತು. ಸೋರುವ ಜಾಗಕ್ಕೆ ನೀರು ಹೊಡೆಯಬೇಡಿ. ಒದ್ದೆ ಕ್ಲೋರಿನ್ ಉಕ್ಕನ್ನು ತಿಂದು ರಂಧ್ರ ದೊಡ್ಡದಾಗುತ್ತೆ. ಟನ್ನರ್ ಉರುಳಿಸಿ ಸೋರುವ ಜಾಗ ಮೇಲಕ್ಕೆ ಬರುವಂತೆ ಮಾಡಿ, ಆಗ ದ್ರವದ ಬದಲು ಅನಿಲ ಮಾತ್ರ ಹೊರಬರುತ್ತೆ. ಒಂದು ಲೀಟರ್ ದ್ರವ ಸುಮಾರು 460 ಲೀಟರ್ ಅನಿಲ ಆಗೋದರಿಂದ ವ್ಯತ್ಯಾಸ ತುಂಬಾ ದೊಡ್ಡದು. ಎಲ್ಲಿ ಸೋರುತ್ತಿದೆ ಅಂತ ಹುಡುಕೋಕೆ ಅಮೋನಿಯಾ ದ್ರಾವಣದ ಆವಿ ಹಿಡಿದರೆ ಬಿಳಿ ಹೊಗೆ ಏಳುತ್ತೆ. ಇದೆಲ್ಲ ಉಸಿರಾಟದ ಸೆಟ್ ಹಾಕಿದ ತರಬೇತಾದ ಇಬ್ಬರ ಕೆಲಸ, ಗೇಟಿನವರದ್ದಲ್ಲ.

ಗೇಟಿನವರು ಮಾಡಬೇಕಾದ್ದು ಸೈರನ್. 2020ರ ಮೇ 7ರ ಬೆಳಗಿನ ಜಾವ ವಿಶಾಖಪಟ್ಟಣದಲ್ಲಿ ಸ್ಟೈರೀನ್ ಸೋರಿದಾಗ ಸೈರನ್ ವ್ಯವಸ್ಥೆ ಇದ್ದೂ ಮೊಳಗಲಿಲ್ಲ ಅಂತ ಆಂಧ್ರ ಸರ್ಕಾರದ ಉನ್ನತಾಧಿಕಾರ ಸಮಿತಿ ಬರೆದಿದೆ. ಕಾನೂನಿನ ವರದಿಗಿಂತ ಮೊದಲು ಪಕ್ಕದ ಮನೆಯವರಿಗೆ ಗೊತ್ತಾಗಬೇಕು.

ಕೆರೆಕೋಡಿ
ಆ್ಯಸಿಡ್ ಮೇಲೆ ಕಾಸ್ಟಿಕ್ ಸುರಿಯೋರಿದ್ದಾರೆ, ಅದೂ ತಪ್ಪು, ಕುದಿದು ಸಿಡಿಯುತ್ತೆ. ಸುಣ್ಣ ಅಥವಾ ಸೋಡಾ ಆ್ಯಶ್ ಅಂಚಿನಿಂದ ಒಳಕ್ಕೆ ಹಾಕುತ್ತಾ ಬನ್ನಿ. ನಿಮ್ಮ ಆ್ಯಸಿಡ್ 33% ಇದ್ದರೆ ಒಂದು ಕಿಲೋಗೆ ಅರ್ಧ ಕಿಲೋ ಸೋಡಾ ಆ್ಯಶ್ ಹತ್ತಿರ ಬೇಕು. ನೈಟ್ರಿಕ್ ಆ್ಯಸಿಡ್ ಇದ್ದರೆ ಮರದ ಹೊಟ್ಟು ಹಾಕಬೇಡಿ, ಬೆಂಕಿ ಹತ್ತಬಹುದು, ಮರಳೇ ಸರಿ. ಡೀಸೆಲ್ ಮೇಲೆ ಸೋಪಿನ ನೀರು ಹಾಕಿ ತೊಳೆದರೆ ಎಣ್ಣೆ ಹೋಗಲ್ಲ, ನೀರಿನಲ್ಲಿ ಕಲಸಿ ಇನ್ನೂ ದೂರ ಹೋಗುತ್ತೆ, ಆಯಿಲ್ ಸೆಪರೇಟರ್ ಕೂಡ ಹಿಡಿಯಲಾರದು.

ನಿಯಮಪುಟ
ಎತ್ತಿದ ಮರಳು, ಬಟ್ಟೆ ಕಸದ ಗಾಡಿಗೆ ಹೋಗೋ ಹಾಗಿಲ್ಲ, ಅದು ಅಪಾಯಕಾರಿ ತ್ಯಾಜ್ಯ. 2016ರ ನಿಯಮದ ನಮೂನೆ 8ರ ಲೇಬಲ್, ನಮೂನೆ 10ರ ಮ್ಯಾನಿಫೆಸ್ಟ್ (ಸಾಗಣೆಯ ದಾಖಲೆ), ಅನುಮತಿ ಇರುವವರಿಗೇ ಕೊಡಬೇಕು, ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಆ ತ್ಯಾಜ್ಯವೇ ಸಾಗಿಸುವಾಗ ಚೆಲ್ಲಿದರೆ 22ನೇ ನಿಯಮ: ಮಂಡಳಿಗೆ ಕೂಡಲೇ ಫೋನು, ಇಮೇಲ್, ಆಮೇಲೆ ನಮೂನೆ 11.

ಹೊಸಸಂಹಿತೆ
ಕಾರ್ಖಾನೆ ಕಾಯ್ದೆ 1948ರ 88, 88ಎ ಕಲಂ ಅಂತ ಇನ್ನೂ ಬರೆದುಕೊಂಡಿರೋರಿಗೆ: 2025ರ ನವೆಂಬರ್ 21ರಿಂದ ಔದ್ಯೋಗಿಕ ಸುರಕ್ಷತೆ ಸಂಹಿತೆ 2020 ಜಾರಿಯಲ್ಲಿದೆ. ಅಪಘಾತದ ನೋಟಿಸ್ ಈಗ 10ನೇ ಕಲಂ, ಅಪಾಯಕಾರಿ ಘಟನೆಗೆ 11ನೇ ಕಲಂ. ಅಧಿಕಾರಿಯ ಹೆಸರೂ ನಿರೀಕ್ಷಕ ಮತ್ತು ಸುಗಮಕಾರ ಅಂತ ಬದಲಾಗಿದೆ. ಚಾರ್ಟಿನಲ್ಲಿ ಕಲಂ ಸಂಖ್ಯೆ ಹಾಕದೆ ಹುದ್ದೆ, ಫೋನ್ ನಂಬರ್ ಮಾತ್ರ ಹಾಕಿ.

ಬಂಕ್‌ಲೆಕ್ಕ
ದಂಡ ಎಷ್ಟು ಈಗ?

ಹೊಸಸಂಹಿತೆ
ಜನ ವಿಶ್ವಾಸ ತಿದ್ದುಪಡಿ 2024ರ ಏಪ್ರಿಲ್ 1ರಿಂದ ಬಂದ ಮೇಲೆ ಪರಿಸರ ಸಂರಕ್ಷಣಾ ಕಾಯ್ದೆಯ 15ನೇ ಕಲಂನಲ್ಲಿ ಜೈಲುಶಿಕ್ಷೆಯ ಬದಲು 10 ಸಾವಿರದಿಂದ 15 ಲಕ್ಷ ರೂಪಾಯಿವರೆಗೆ ದಂಡ, ಮುಂದುವರಿದರೆ ದಿನಕ್ಕೆ 10 ಸಾವಿರ. 1989ರ ರಾಸಾಯನಿಕ ನಿಯಮ ಈ ಕಾಯ್ದೆಯ ಕೆಳಗೇ ಬರೋದು. ಆದರೆ ಭಾರ ಬೀಳೋದು ದಂಡದಿಂದಲ್ಲ, ಸ್ವಚ್ಛತೆಯ ಖರ್ಚು ಮತ್ತು ಪರಿಹಾರದಿಂದ. 2025ರ ಜುಲೈನಲ್ಲಿ ಕಲುಷಿತ ಪ್ರದೇಶಗಳ ನಿಯಮವೂ ಬಂದಿದೆ. ಮುಚ್ಚಿಟ್ಟ ಹಳೇ ಸೋರಿಕೆ ವರ್ಷಗಳ ಮೇಲೆ ಬೋರ್‌ವೆಲ್ ನೀರಿನಲ್ಲಿ ಕಂಡರೂ ಹೊಣೆಗಾರರನ್ನು ಹುಡುಕಿ ಖರ್ಚು ಹಾಕುತ್ತಾರೆ.

ಬೋಟ್‌ಜೆಟ್ಟಿ
ಕಡಲ ಕಡೆಯವರಿಗೂ ಒಂದು ಸಾಲು ಇರಲಿ ಮಾರಾಯ್ರೆ. ಸಮುದ್ರದಲ್ಲಿ ಎಣ್ಣೆ ಕಂಡರೆ ಕರಾವಳಿ ಕಾವಲು ಪಡೆ, 1554. 700 ಟನ್‌ವರೆಗಿನದ್ದು ಮೊದಲ ಹಂತ, ಬಂದರಿನವರೇ ನಿಭಾಯಿಸೋಕೆ ಸಿದ್ಧವಿರಬೇಕು; ಆದರೂ ತಿಳಿಸಲೇಬೇಕು. 2025ರ ಮೇ 25ರಂದು ಕೇರಳದ ಆಚೆ ಮುಳುಗಿದ ಎಂಎಸ್‌ಸಿ ಎಲ್ಸಾ 3ರಲ್ಲಿ 640 ಕಂಟೇನರ್ ಇದ್ದವು, 12ರಲ್ಲಿ ಕ್ಯಾಲ್ಸಿಯಂ ಕಾರ್ಬೈಡ್. ಅದಕ್ಕೆ ನೀರು ತಾಗಿದರೆ ಅಸಿಟಿಲೀನ್ ಅನಿಲ ಏಳುತ್ತೆ. ದಡಕ್ಕೆ ಕಂಟೇನರ್ ಬಂದರೆ ಮುಟ್ಟೋದು, ತೆರೆಯೋದು ಬೇಡ, 112ಕ್ಕೆ ಫೋನು ಮಾಡಿ ದೂರ ನಿಲ್ಲಿ.

ಶಿಫ್ಟ್‌ಬುಕ್
ಕರಡು ಹಾಕ್ತಿದೀನಿ, ತಪ್ಪಿದ್ರೆ ಹೇಳಿ:
1) ಸೈರನ್, ಗಾಳಿಗೆ ಅಡ್ಡವಾಗಿ ಜನರನ್ನು ಕಳಿಸಿ.
2) 112 / 101: ವಸ್ತು, ಯುಎನ್ ನಂಬರ್, ಜಾಗ, ಅಂದಾಜು ಪ್ರಮಾಣ, ಇನ್ನೂ ಸೋರುತ್ತಿದೆಯೇ, ಎತ್ತ ಹರಿಯುತ್ತಿದೆ, ಗಾಯಾಳುಗಳು, ವಾಪಸ್ ಫೋನ್ ನಂಬರ್.
3) ಮ್ಯಾನೇಜರ್ ಒಪ್ಪಿಗೆ ಪಡೆದು ಮಾಲಿನ್ಯ ಮಂಡಳಿಯ ಪ್ರಾದೇಶಿಕ ಕಚೇರಿ ಮತ್ತು ಕಾರ್ಖಾನೆ ಇಲಾಖೆಗೆ ಫೋನು, ಆಮೇಲೆ ಇಮೇಲ್.
4) 48 ಗಂಟೆಯೊಳಗೆ ದೊಡ್ಡ ಅಪಘಾತದ ಲಿಖಿತ ಸೂಚನೆ.

ಕೆರೆಕೋಡಿ
3ರಲ್ಲಿ "ಒಪ್ಪಿಗೆ ಪಡೆದು" ತೆಗೆದುಬಿಡಿ, "ಮ್ಯಾನೇಜರಿಗೂ ತಿಳಿಸಿ" ಅಂತ ಮಾಡಿ. ರಾತ್ರಿ ಎರಡು ಗಂಟೆಗೆ ಒಪ್ಪಿಗೆಗೆ ಕಾಯುತ್ತಾ ಕೂತರೆ "ಕೂಡಲೇ" ಅನ್ನೋದು ಬೆಳಗ್ಗೆ ಒಂಬತ್ತಾಗುತ್ತೆ. ಫೋನ್ ಎತ್ತಿದವರ ಹೆಸರು, ಹುದ್ದೆ, ಸಮಯ ಬರೆಯೋಕೆ ಖಾಲಿ ಗೆರೆ ಬಿಡಿ. ಆ ಗೆರೆ ಇಲ್ಲದಿದ್ದರೆ ಹೇಳಿದ್ದಕ್ಕೆ ಸಾಕ್ಷಿಯೇ ಇರಲ್ಲ.

ಟನ್ನರ್‌ಕಿಟ್
1ರಲ್ಲಿ ವಿಂಡ್‌ಸಾಕ್ (ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಚೀಲ) ಎಲ್ಲಿದೆ ಅಂತ ಗುರುತು ಹಾಕಿದ ಸಣ್ಣ ನಕ್ಷೆ ಅಂಟಿಸಿ. ನಂಬರುಗಳನ್ನು ಮೂರು ತಿಂಗಳಿಗೊಮ್ಮೆ ಡಯಲ್ ಮಾಡಿ ನೋಡಿ, ಕಚೇರಿಯ ಲ್ಯಾಂಡ್‌ಲೈನ್ ರಾತ್ರಿ ಎತ್ತೋರಿಲ್ಲದಿದ್ದರೆ ಅಧಿಕಾರಿಯ ಮೊಬೈಲ್ ಕೇಳಿ ಬರೆದುಕೊಳ್ಳಿ.